ಬೀಗ ಹಾಕಿದ ಊರಿಗೆ ಟಿಕೆಟ್ಟು

ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಒಂದೇ ಪ್ರಶ್ನೆ: ‘ಕ್ರಿಸ್‌ಮಸ್‌ಗೆ ಎಲ್ಲಿಗೆ ಗುರು?’ ಲಂಡನ್ನು, ಪ್ಯಾರಿಸ್ಸು, ವಿಯೆನ್ನಾ. ಡಿಸೆಂಬರಿನ ಕೊನೆಯ ವಾರ ಕ್ಲೈಂಟು ರಜೆ ಹಾಕ್ತಾನೆ, ಹಾಗಾಗಿ ನಮಗೂ ರಜೆ. ಆ ರಜೆಯಲ್ಲಿ ದುಬಾರಿ ಟಿಕೆಟ್ ಕೊಂಡು ಅವನ ಊರಿಗೇ ಹೊರಡ್ತೀವಿ. ಅದೂ ಅವನು ಊರಿಗೆ ಬೀಗ ಹಾಕಿ ಅಪ್ಪ-ಅಮ್ಮನ ಮನೆ ಸೇರಿಕೊಂಡಿರುವ ಹೊತ್ತಿಗೆ ಸರಿಯಾಗಿ!

ಹೀಗೆ ಬೈಯೋ ಅರ್ಹತೆ ನನಗಿದೆ. ನಾನೂ ಲಂಡನ್ನಿಗೆ ಹೋದವನೇ. ಎಕ್ಸೆಲ್ ಶೀಟಿನಲ್ಲಿ ಗಂಟೆ ಗಂಟೆಗೂ ಪ್ಲಾನ್ ಬರೆದಿದ್ದೆ. ಡಿಸೆಂಬರ್ 25: ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂ, ಮಧ್ಯಾಹ್ನ ನ್ಯಾಷನಲ್ ಗ್ಯಾಲರಿ, ಸಂಜೆ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಶಾಪಿಂಗ್. ಮೊದಲಿನವೆರಡೂ 24ರಿಂದ 26ರವರೆಗೆ ಬಂದ್. ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ತೆರೆಯುವಂತೆಯೇ ಇಲ್ಲ. 2004ರಲ್ಲಿ ಅದಕ್ಕೇ ಒಂದು ಕಾನೂನು ಮಾಡಿದ್ದಾರೆ. ಮೆಟ್ರೋ ಇಲ್ಲ, ಸಿಟಿ ಬಸ್ಸೂ ಇಲ್ಲ. ಅರ್ಧ ಗಂಟೆ ಸ್ಟಾಪಿನಲ್ಲಿ ನಿಂತ ಮೇಲೆ ನನಗದು ಗೊತ್ತಾಯ್ತು.

ನಡೆದೇ ಹೊರಟೆ. ಥೇಮ್ಸ್ ದಡದಲ್ಲಿ, ನದಿಯಾಚೆ ಪಾರ್ಲಿಮೆಂಟ್ ಕಾಣುವ ಕಡೆ, 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ಇದೆ. ಆವತ್ತು ಇಡೀ ಲಂಡನ್ನಿನಲ್ಲಿ ನನಗೆ ‘ಓಪನ್’ ಸಿಕ್ಕಿದ್ದು ಅವರೊಬ್ಬರೇ. ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯನೂ ಮುಳುಗಿದ. ಅಲ್ಲಿಂದಲೇ ಅವ್ವಂಗೆ ಫೋನ್ ಮಾಡಿ, ಇಲ್ಲಿ ಎಲ್ಲಾ ಮುಚ್ಚಿಬಿಟ್ಟವ್ರೆ ಅಂದೆ.

‘ಹಬ್ಬ ಅಲ್ವೇನ್ಲಾ? ಅವರೂ ಅವರವರ ಮನೇಗ್ ಹೋಗವ್ರೆ’ ಅಂದ್ಲು. ಆಮೇಲೆ, ‘ನಾಳೆ ರಾಗಿ ಒಕ್ಕಣೆ ಐತೆ. ಆಳು ಸಿಕ್ಕಿಲ್ಲ. ನಾನೂ ನಿಮ್ಮಪ್ಪನೂ ಮಾಡ್ಕೊತೀವಿ ಬಿಡು’ ಅಂದ್ಲು.

ಮೂರು ತಿಂಗಳು ಕೂತು ಪ್ಲಾನ್ ಮಾಡಿದ ನನಗೆ ಹೊಳೆಯದ್ದು ಅವ್ವಂಗೆ ಕೇಳಿದ ತಕ್ಷಣ ಹೊಳೀತು.

‘ನಮಗೆ ರಜೆ ಸಿಗೋದೇ ಆವಾಗ’ ಅಂತೀರಿ. ಸುಳ್ಳು ಸ್ವಾಮಿ. ಲೆಕ್ಕದಲ್ಲಿ ರಜೆ ಇದೆ, ಕೇಳೋ ಧೈರ್ಯ ನಮಗಿಲ್ಲ. ‘ರಿಲೀಸ್ ಇದೆಯಲ್ಲಪ್ಪ’ ಅಂತ ಮ್ಯಾನೇಜರ್ ಮುಖ ಗಂಟು ಹಾಕ್ಕೊಂಡ್ರೆ ಸುಮ್ಮನಾಗ್ತೀವಿ. ಯುಗಾದಿಗೆ ಒಂದು ದಿನ, ಗೌರಿ ಹಬ್ಬಕ್ಕೆ ವರ್ಕ್ ಫ್ರಂ ಹೋಂ, ಕ್ಲೈಂಟಿನ ಹಬ್ಬಕ್ಕೆ ಮಾತ್ರ ಹತ್ತು ದಿನ. ಇದು ಕ್ರಿಸ್‌ಮಸ್ ಮೇಲಿನ ಸಿಟ್ಟಲ್ಲ. ಹಬ್ಬದ ದಿನ ಎಲ್ಲಾ ಮುಚ್ಚಿ ಮನೆಗೆ ಹೋಗೋ ಅವರ ಬುದ್ಧಿ ನಮಗಿಲ್ವಲ್ಲ ಅನ್ನೋ ಸಿಟ್ಟು.

ಊರು ನೋಡಬೇಕಾ? ಜೂನ್‌ನಲ್ಲಿ ಹೋಗಿ, ಲಂಡನ್ನಿನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ. ಕ್ರಿಸ್‌ಮಸ್ ದೀಪ, ಸಂತೆಯೇ ಬೇಕಾ? ಡಿಸೆಂಬರ್ ಮೊದಲ ವಾರ ಹೋಗಿ. ಜರ್ಮನಿಯ ಬಹುಪಾಲು ಕ್ರಿಸ್‌ಮಸ್ ಸಂತೆಗಳು 24ರ ಹೊತ್ತಿಗೆ ಗಂಟುಮೂಟೆ ಕಟ್ಟಿರುತ್ತವೆ. ಇಲ್ಲ, 25ಕ್ಕೇ ಹೋಗ್ತೀನಿ ಅನ್ನೋರು ಊರ ನಡುವೆಯೇ ರೂಮ್ ಮಾಡಿ, ಹಿಂದಿನ ದಿನವೇ ಬ್ರೆಡ್ಡು, ಹಣ್ಣು ತಂದಿಟ್ಕೊಳ್ಳಿ. ನಡೆಯೋದಕ್ಕೆ ಒಳ್ಳೆ ಶೂ ಇರಲಿ.

ನಾನು ಈ ವರ್ಷ ಜೂನ್‌ನಲ್ಲಿ ರಜೆ ಕೇಳಿದೆ. ಮ್ಯಾನೇಜರ್ ಗೊಣಗಿದ, ಆಮೇಲೆ ಕೊಟ್ಟ. ಡಿಸೆಂಬರ್ ಕೊನೆಯ ವಾರ ಕಣದಲ್ಲಿರ್ತೀನಿ. ಈ ಸಲವೂ ಆಳು ಸಿಕ್ಕಿಲ್ಲವಂತೆ.