ಅನ್ವಯಿಕ ಗಣಿತ ಪದವಿ: ಗಡಿನಾಡ ಮಕ್ಕಳಿಗೆ ಭಾಷೆಯೇ ತೊಡಕು

ಕಾಸರಗೋಡು: ಮಳೆಯ ಮುನ್ಸೂಚನೆಯಿಂದ ಹಿಡಿದು ವಿಮೆಯ ಕಂತಿನವರೆಗೆ ಲೆಕ್ಕ ಹಾಕಿಕೊಡುವುದು ಅನ್ವಯಿಕ ಗಣಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ‘ಗಣಿತ ಮತ್ತು ಕಂಪ್ಯೂಟಿಂಗ್’ ಬಿ.ಟೆಕ್. ಆರಂಭಿಸಿತು. ಅಲ್ಲಿಗೆ ಪ್ರವೇಶ ಜೆಇಇ ಅಡ್ವಾನ್ಸ್‌ಡ್ ಮೂಲಕ. ಅದಕ್ಕೂ ಮೊದಲು ಜೆಇಇ ಮೇನ್ ದಾಟಬೇಕು.

ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲೂ ಇದೆ. ಆದರೆ ಅದು ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕೇರಳದ ಕೇಂದ್ರಗಳಲ್ಲಿ ಮಲಯಾಳ ಉಂಟು, ಕನ್ನಡವಿಲ್ಲ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಮಂಜೇಶ್ವರದ ಹುಡುಗಿಗೆ ಕನ್ನಡ ಪತ್ರಿಕೆ ಬೇಕಿದ್ದರೆ ಅರ್ಜಿಯಲ್ಲೇ ಮಂಗಳೂರಿನಂಥ ಕೇಂದ್ರ ಆರಿಸಬೇಕು. ಅಡ್ವಾನ್ಸ್‌ಡ್‌ನಲ್ಲಂತೂ ಆ ದಾರಿಯೂ ಇಲ್ಲ. ಇಂಗ್ಲಿಷ್ ಇಲ್ಲವೇ ಹಿಂದಿ.

ಮೇನ್ ನಡೆಯುವುದು ಕಂಪ್ಯೂಟರಿನಲ್ಲಿ. ಗಡಿಯಾಚೆಗೂ ಕನ್ನಡ ಪತ್ರಿಕೆ ಒದಗಿಸುವುದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಮಕ್ಕಳು ಪ್ಲಸ್ ವನ್‌ನಿಂದಲೇ ಗಣಿತದ ಪದಗಳನ್ನು ಎರಡೂ ಭಾಷೆಗಳಲ್ಲಿ ರೂಢಿಸಿಕೊಳ್ಳುವುದು ಲೇಸು.