ಕಿಟ್ಟೆಲ್ ನಿಘಂಟು ಕೊಟ್ಟರು, ಸರಿ. ಕೇರಿಯ ಸಾಕ್ಷಿ ಯಾರು ಹೇಳೋದು?

ಸ್ವಲ್ಪ ಉದ್ದದ ಪೋಸ್ಟ್. ಅರ್ಧ ಓದಿ ಬೈಯೋ ಬದಲು ಪೂರ್ತಿ ಓದಿ ಬೈಯಿರಿ.

ಇತ್ತೀಚೆಗೆ ನಮ್ಮ ರಾಮನಗರ ಸೀಮೆಯಲ್ಲಿ ನಡೆದ ಒಂದು ಕ್ರೈಸ್ತ ಲೇಖಕರ ಸಮಾವೇಶಕ್ಕೆ ಹೋಗಿದ್ದೆ. (2025ರ ಮೇ ತಿಂಗಳಲ್ಲಿ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡೋಕೆ ಒಪ್ಪಿತು. ನಮ್ಮ ಬಾಯಲ್ಲಿ ಇನ್ನೂ ರಾಮನಗರವೇ.) ಕನಕಪುರ, ಮಾಗಡಿ, ಚನ್ನಪಟ್ಟಣ ಕಡೆಯಿಂದಲೂ ಜನ ಬಂದಿದ್ದರು. ಕರೆದವರ ಹೆಸರು ಬರೆಯಲ್ಲ. ನನ್ನನ್ನ ಮರ್ಯಾದೆಯಿಂದಲೇ ನೋಡಿಕೊಂಡರು. ನಾನು ಜಗಳ ಆಡ್ತಿರೋದು ಒಂದು ಅಭ್ಯಾಸದ ಮೇಲೆ. ಆ ಅಭ್ಯಾಸ ಎಲ್ಲ ಕಡೆ ಇದೆ.

ಬೆಳಿಗ್ಗೆ ಉದ್ಘಾಟನೆಗೆ ತಮಟೆ ಇತ್ತು. ಪಕ್ಕದೂರಿನ ಕೇರಿ ಹುಡುಗರು, ಚೆನ್ನಾಗಿ ಬಡಿದರು. ಗಣ್ಯರು ವೇದಿಕೆ ಹತ್ತಿದ ಮೇಲೆ ಹುಡುಗರು ತಮಟೆ ಎತ್ತಿಕೊಂಡು ಹೊರಗೆ ಮರದ ನೆರಳಿಗೆ ಹೋದರು. ಆಮೇಲೆ ಇಡೀ ದಿನ ಮೈಕ್‌ನಲ್ಲಿ ಎಷ್ಟೋ ಹೆಸರು ಬಂದವು. ಹೊಲೆಯ ಅನ್ನೋ ಪದ ಬರಲಿಲ್ಲ. ಮಾದಿಗ ಅನ್ನೋ ಪದ ಬರಲಿಲ್ಲ. ದಲಿತ ಅನ್ನೋ ಪದ ಒಂದೇ ಒಂದು ಸಲ ಬಂತು, ಅದೂ 'ದೀನ ದಲಿತರ ಸೇವೆ' ಅನ್ನೋ ಜೋಡಿಪದದಲ್ಲಿ.

ಮತ್ತೆ ಬಂದ ಹೆಸರುಗಳು ಯಾವುವು? 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್. 1843ರಲ್ಲಿ 'ಮಂಗಳೂರು ಸಮಾಚಾರ' ತಂದ ಹರ್ಮನ್ ಮೊಗ್ಲಿಂಗ್. ಬಳ್ಳಾರಿಯಲ್ಲಿ ಕೂತು ಬೈಬಲನ್ನ ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ನಾ. ಡಿಸೋಜ. ಎಲ್ಲರೂ ದೊಡ್ಡವರೇ, ತಕರಾರಿಲ್ಲ. ಎಲ್ಲ ಭಾಷಣದ ತಲೆಬರಹವೂ ಒಂದೇ: ಕನ್ನಡಕ್ಕೆ ಕ್ರೈಸ್ತರ ಕೊಡುಗೆ.

ಈ 'ಕೊಡುಗೆ' ಅನ್ನೋ ಪದ ಯಾಕೆ ಇಷ್ಟು ಬೇಕಾಗುತ್ತೆ ಅಂತ ನನಗೆ ಅರ್ಥ ಆಗುತ್ತೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು 11 ಲಕ್ಷ 42 ಸಾವಿರ ಚಿಲ್ಲರೆ, ನೂರಕ್ಕೆ ಎರಡೂ ಇಲ್ಲ. ಇದೇ ಕನಕಪುರ ತಾಲ್ಲೂಕಿನ ಹಾರೋಬೆಲೆ ಹತ್ತಿರ ಕಪಾಲಬೆಟ್ಟದಲ್ಲಿ 2019ರ ಡಿಸೆಂಬರ್ 25ಕ್ಕೆ 114 ಅಡಿ ಯೇಸು ಪ್ರತಿಮೆಗೆ ಶಂಕುಸ್ಥಾಪನೆ ಆಯ್ತು. ಮೂರು ವಾರ ತುಂಬೋದರೊಳಗೆ, 2020ರ ಜನವರಿ 13ರಂದು, ಹೊರಗಿನಿಂದ ಜನ ತಂದು 'ಕನಕಪುರ ಚಲೋ' ಮಾಡಿದರು. 2022ರಲ್ಲಿ ಮತಾಂತರ ನಿಷೇಧ ಕಾನೂನೂ ಬಂತು. ಇಂಥ ಕಾಲದಲ್ಲಿ ಜನ ರಸೀದಿ ಇಟ್ಟುಕೊಂಡು ಓಡಾಡ್ತಾರೆ. 'ನೋಡಿ ಸ್ವಾಮಿ, ನಾವೂ ಕನ್ನಡದವರೇ, ನಿಮ್ಮ ಡಿಕ್ಷನರಿ ನಾವೇ ಮಾಡಿಕೊಟ್ಟದ್ದು' ಅಂತ ತೋರಿಸೋ ರಸೀದಿ. ಕಿಟ್ಟೆಲ್ ಹೆಸರು ಆ ರಸೀದಿ.

ಆದರೆ ಒಂದು ಪ್ರಶ್ನೆ. ರಸೀದಿ ತೋರಿಸ್ತಾ ಇರೋದು ಯಾರಿಗೆ? ಊರಿನವರಿಗೆ. ಹಾಗಾದರೆ ಕೇರಿಯವರ ಜೊತೆ ಮಾತಾಡೋದು ಯಾವಾಗ?

ಮೊಗ್ಲಿಂಗ್‌ನನ್ನೇ ತಗೊಳ್ಳಿ. ಪತ್ರಿಕೆ ತಂದ ಮೊಗ್ಲಿಂಗ್ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅದೇ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಹೋಗಿ, ಜಮೀನಿನ ಜೊತೆಗೇ ಕೈ ಬದಲಾಗ್ತಿದ್ದ ಹೊಲೆಯರ ನಡುವೆ ಕೆಲಸ ಮಾಡಿ, ದೀಕ್ಷೆ ಪಡೆದವರಿಗಾಗಿ ಆನಂದಪುರ ಅಂತ ಒಂದು ಊರು ಕಟ್ಟಿದ. ಜೀತದ ಕೇರಿಯಿಂದ ಎದ್ದು ಬಂದು ತಮ್ಮದೇ ಊರು ಅಂತ ಕಂಡವರ ಕತೆ ಅದು. ಆನಂದಪುರದ ಹೆಸರು ಆವತ್ತು ಒಬ್ಬರ ಬಾಯಲ್ಲೂ ಬರಲಿಲ್ಲ. ಪತ್ರಿಕೆ ಹೇಳಿದರೆ ಊರಿನವರು ತಲೆದೂಗ್ತಾರೆ. ಆನಂದಪುರ ಹೇಳಿದರೆ ಚರ್ಚಿನೊಳಗೆ ಕೂತಿರೋರು ಯಾವ ಕೇರಿಯಿಂದ ಬಂದೋರು ಅಂತ ಹೇಳಬೇಕಾಗುತ್ತೆ. ಅದಕ್ಕೇ ಮೌನ.

ಮಧ್ಯಾಹ್ನದ ಗೋಷ್ಠಿಯಲ್ಲಿ ನಾನು ಎದ್ದು ಕೇಳಿದೆ: ತಮಿಳಿನಲ್ಲಿ ಬಾಮಾ 1992ರಲ್ಲೇ 'ಕರುಕ್ಕು' ಬರೆದರು. ಕಾನ್ವೆಂಟ್ ಸೇರಿ, ಅಲ್ಲೂ ಜಾತಿ ಕಂಡು, ಬಿಟ್ಟು ಬಂದ ದಲಿತ ಹೆಣ್ಣುಮಗಳ ಬದುಕು ಅದು. ತೆಲುಗಿನಲ್ಲಿ ಗುರ್ರಂ ಜಾಷುವಾ 1941ರಲ್ಲೇ 'ಗಬ್ಬಿಲಂ' ಬರೆದರು. ಮಲಯಾಳದಲ್ಲಿ ಪೊಯ್ಕಯಿಲ್ ಅಪ್ಪಚ್ಚನ್ ಚರ್ಚಿನ ಜಾತಿಯನ್ನ ಹಾಡಿನಲ್ಲೇ ಪ್ರಶ್ನೆ ಮಾಡಿ ಹೊರಗೆ ಬಂದರು. ನಮ್ಮ ಗಡಿಗೆ ಅಂಟಿಕೊಂಡ ಮೂರೂ ಭಾಷೆಯಲ್ಲಿ ಇದೆ. ಕನ್ನಡದಲ್ಲಿ ಆ ತೂಕದ ಒಂದು ಪುಸ್ತಕ ಹೇಳಿ, ಓದ್ತೀನಿ.

ವೇದಿಕೆಯಿಂದ ಒಬ್ಬ ಹಿರಿಯರು ನಗುತ್ತಾ ಉತ್ತರ ಕೊಟ್ಟರು: 'ಬ್ರದರ್, ಕ್ರಿಸ್ತನಲ್ಲಿ ಜಾತಿ ಇಲ್ಲ.' ಚಪ್ಪಾಳೆ ಬಿತ್ತು.

ಕ್ರಿಸ್ತನಲ್ಲಿ ಇಲ್ಲ, ಒಪ್ಪಿದೆ. ಕ್ರೈಸ್ತರಲ್ಲಿ? ಹೆಣ್ಣು ಕೊಡೋವಾಗ, ತರೋವಾಗ? ಸಮಾಧಿಯ ಜಾಗದಲ್ಲಿ? ಇದು ನಾನು ಹುಟ್ಟಿಸಿದ ಆರೋಪ ಅಲ್ಲ. ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2016ರ ಡಿಸೆಂಬರ್‌ನಲ್ಲಿ ದಲಿತ ಸಬಲೀಕರಣ ನೀತಿ ಅಂತ ಹೊರಡಿಸಿ, ಚರ್ಚಿನೊಳಗೆ ಅಸ್ಪೃಶ್ಯತೆ, ತಾರತಮ್ಯ ಇದೆ ಅಂತ ಬರವಣಿಗೆಯಲ್ಲಿ ಒಪ್ಪಿಕೊಂಡಿದೆ. ದೇಶದ ಸುಮಾರು 1 ಕೋಟಿ 90 ಲಕ್ಷ ಕಥೋಲಿಕರಲ್ಲಿ 1 ಕೋಟಿ 20 ಲಕ್ಷದಷ್ಟು ದಲಿತರು ಅಂತ ಅವರೇ ಹೇಳಿದ ಲೆಕ್ಕ. ಆ ಸಮುದಾಯದಿಂದ ಮೊದಲ ಕಾರ್ಡಿನಲ್ ಆದದ್ದು 2022ರಲ್ಲಿ, ಹೈದರಾಬಾದಿನ ಆರ್ಚ್‌ಬಿಷಪ್ ಆಂಟನಿ ಪೂಲಾ. ಬಿಷಪರು ಒಪ್ಪಿಕೊಂಡದ್ದನ್ನ ಬರಹಗಾರರು ಒಪ್ಪಲ್ಲ ಅಂದ್ರೆ ಹೇಗೆ? ಸಾಮಾನ್ಯವಾಗಿ ಉಲ್ಟಾ ಇರುತ್ತೆ, ಅಲ್ವಾ?

ಗೋಷ್ಠಿ ಮುಗಿದ ಮೇಲೆ ಒಬ್ಬ ಹುಡುಗಿ ಬಂದಳು. ಕವಿತೆ ಬರೀತಾಳೆ. ಮೊಬೈಲಿನಲ್ಲಿ ತೋರಿಸಿದಳು. ಸುಳ್ಳು ಹೇಳಲ್ಲ, ಬೆಳಗಿಂದ ಓದಿದ ಎಲ್ಲಾ ಕವಿತೆಗಿಂತ ಚೆನ್ನಾಗಿತ್ತು. ಅವ್ವ ಭಾನುವಾರ ಚರ್ಚಿಗೆ ಉಡೋ ಸೀರೆ, ಸೋಮವಾರ ಗೌಡರ ಹೊಲಕ್ಕೆ ಉಡೋ ಸೀರೆ, ಇದರ ಮೇಲೆ ಕವಿತೆ. ಪೋಸ್ಟ್ ಮಾಡು ತಾಯಿ, ನಾನೂ ಶೇರ್ ಮಾಡ್ತೀನಿ ಅಂದೆ. 'ಬೇಡ ಅಣ್ಣಾ, ಹೆಸರು ಹಾಕಕ್ಕಾಗಲ್ಲ. ಸರ್ಟಿಫಿಕೇಟ್ ಹೋಗುತ್ತೆ' ಅಂದಳು.

ಅರ್ಥ ಆಯ್ತಾ ಗೆಳೆಯರೇ? ಅವಳ ಟಿ.ಸಿ.ಯಲ್ಲಿ ಇರೋದು ಆದಿ ಕರ್ನಾಟಕ. 'ನಾನು ಕೇರಿಯವಳು, ನಾನು ಕ್ರೈಸ್ತಳು' ಅಂತ ಎರಡೂ ಒಂದೇ ಕವಿತೆಯಲ್ಲಿ ಬಂದರೆ, ಅದು ಅವಳು ಅವಳ ಮೇಲೇ ಬರೆದುಕೊಟ್ಟ ಅಫಿಡವಿಟ್. ಇದು ಬರೀ ಭಯ ಅಲ್ಲ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. 2024ರ ನವೆಂಬರ್ 26ರಂದು, ಸಂವಿಧಾನ ದಿನವೇ, ಸುಪ್ರೀಂ ಕೋರ್ಟ್ ಪುದುಚೇರಿಯ ಸೆಲ್ವರಾಣಿ ಪ್ರಕರಣದಲ್ಲಿ ಆ ಹೆಣ್ಣುಮಗಳು ಕೇಳಿದ ಎಸ್.ಸಿ. ಪ್ರಮಾಣಪತ್ರವನ್ನ ನಿರಾಕರಿಸಿತು. ಅಲ್ಲಿ ಆಕೆಯ ವಿರುದ್ಧ ಬಂದ ಸಾಕ್ಷಿಗಳಲ್ಲಿ ಚರ್ಚಿನ ದೀಕ್ಷಾಸ್ನಾನದ ದಾಖಲೆಯೂ ಒಂದು. ಇವತ್ತು ರಿಜಿಸ್ಟರ್ ಸಾಕ್ಷಿ. ನಾಳೆ ಕವಿತೆ ಸಾಕ್ಷಿ ಆಗಲ್ಲ ಅಂತ ಆ ಮಗುವಿಗೆ ಯಾರು ಗ್ಯಾರಂಟಿ ಕೊಡ್ತಾರೆ?

ಈಗ ವೇದಿಕೆ ಮೇಲಿನ ಹಿರಿಯರ 'ಜಾತಿ ಇಲ್ಲ' ಅನ್ನೋ ಮಾತಿಗೆ ಬರ್ತೀನಿ. ನನ್ನ ಸಿಟ್ಟೆಲ್ಲಾ ಇಲ್ಲೇ ಇರೋದು.

1985ರಲ್ಲಿ ಸೂಸೈ ಪ್ರಕರಣ ಅಂತ ಒಂದು ಬಂತು. ಮದ್ರಾಸಿನ ಫುಟ್‌ಪಾತಿನಲ್ಲಿ ಚಪ್ಪಲಿ ಹೊಲಿಯೋ ಮನುಷ್ಯ. ಪಕ್ಕದಲ್ಲಿ ಅದೇ ಕೆಲಸ ಮಾಡೋ ಹಿಂದೂ ಆದಿ ದ್ರಾವಿಡರಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಕೊಟ್ಟಿತು, ಈತ ಕ್ರೈಸ್ತ ಅಂತ ಕೊಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು, ಸೋತರು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಮತಾಂತರ ಆದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಅಂತ ತೋರಿಸಬೇಕು, ಅದಕ್ಕೆ ಸಾಕಷ್ಟು ಆಧಾರ ನಮ್ಮ ಮುಂದೆ ಇಲ್ಲ. ಆಧಾರ ಇಲ್ಲ! 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಎಸ್.ಸಿ. ಸ್ಥಾನಮಾನವನ್ನ ಧರ್ಮದಿಂದ ಬಿಡಿಸಿ ಅಂತ ಹೇಳಿತು, ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿ ಮತ್ತೆ ಅದೇ ಪ್ರಶ್ನೆ ಕೊಟ್ಟರು: ಮತಾಂತರ ಆದವರ ಬದುಕಿನಲ್ಲಿ ತಾರತಮ್ಯ ಉಳಿದಿದೆಯಾ?

ನಾಲ್ಕು ದಶಕದಿಂದ ದೇಶ ಕೇಳ್ತಾ ಇರೋದು ಸಾಕ್ಷಿ. ಸಾಕ್ಷಿ ಹೇಳೋ ಕೆಲಸ ಯಾರದು? ಬರೆಯೋರದು. ಆ ಬರೆಯೋರು ವೇದಿಕೆ ಮೇಲೆ ನಿಂತು 'ನಮ್ಮಲ್ಲಿ ಜಾತಿ ಇಲ್ಲ' ಅಂತಾರೆ. ಇದು ಯಾರ ವಕೀಲರ ವಾದ ಗೊತ್ತಾ? ಎದುರು ಪಾರ್ಟಿ ವಕೀಲರದು. ನೀವು ಚಪ್ಪಾಳೆ ಗಿಟ್ಟಿಸಿದ ಆ ಒಂದು ವಾಕ್ಯವೇ ಆ ಹುಡುಗಿಯ ಬಾಯಿಗೆ ಬೀಗ. ಕಾನೂನು ಒಂದು ಕಡೆಯಿಂದ ಬಾಯಿ ಮುಚ್ಚಿಸುತ್ತೆ, ನೀವು ಇನ್ನೊಂದು ಕಡೆಯಿಂದ.

ಬಾಬಾಸಾಹೇಬರು ಇದನ್ನ ಯಾವತ್ತೋ ಬರೆದಿಟ್ಟಿದ್ದಾರೆ. ಮತಾಂತರ ಆದವರ ಸ್ಥಿತಿ ಬಗ್ಗೆ ಅವರ ಒಂದು ಪ್ರಬಂಧ ಇದೆ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಬರಹಗಳ ಐದನೇ ಸಂಪುಟದಲ್ಲಿ ಅಚ್ಚಾಯ್ತು. ಭಾರತದ ಕ್ರೈಸ್ತರು ತಮ್ಮ ಮೇಲಿನ ಅನ್ಯಾಯದ ವಿರುದ್ಧ ಬಾಯಿ ಬಿಡದ ಸಮುದಾಯ ಆಗಿದ್ದಾರೆ ಅನ್ನೋದು ಅಲ್ಲಿ ಅವರ ದೂರು. ಮುಂದಿನ ಸಮಾವೇಶದಲ್ಲಿ ಆ ಪ್ರಬಂಧ ಓದಿಸಿ. ಕಿಟ್ಟೆಲ್ ಭಾಷಣಕ್ಕೆ ಹತ್ತು ನಿಮಿಷ ಕಡಿಮೆ ಆದರೆ ಕಿಟ್ಟೆಲ್ ಬೇಜಾರು ಮಾಡಿಕೊಳ್ಳಲ್ಲ.

ಈಗ ನಮ್ಮ ಕಡೆಯ ಗೆಳೆಯರಿಗೆ. ನಿಮ್ಮನ್ನೂ ಬಿಡಲ್ಲ.

ಕಪಾಲಬೆಟ್ಟದ ಗಲಾಟೆ ಆದಾಗ ಚಳವಳಿಯ ಎಷ್ಟೋ ಜನ 'ಅದು ಡಿ.ಕೆ. ಶಿವಕುಮಾರ್‌ಗೂ ಆರೆಸ್ಸೆಸ್‌ಗೂ ಇರೋ ಜಗಳ' ಅಂತ ಸುಮ್ಮನಾದರು. ಅದು ಮುನೇಶ್ವರ ಬೆಟ್ಟ ಅಂತ ಕೂಗಿದವರಿಗೆ, ನಮ್ಮ ಕೇರಿ ಮುನೇಶ್ವರನ ಗುಡಿಗೆ ಯಾವತ್ತಾದ್ರೂ ಬಂದು ಪ್ರಸಾದ ತಿಂದಿದ್ದೀರಾ ಅಂತ ಕೇಳೋ ಹಕ್ಕು ನಮಗೆ ಇತ್ತು. 2025ರ ಸೆಪ್ಟೆಂಬರ್ ಸಮೀಕ್ಷೆಯ ಪಟ್ಟಿಯಲ್ಲಿ ಹೊಲೆಯ ಕ್ರೈಸ್ತ, ಮಾದಿಗ ಕ್ರೈಸ್ತ ಅನ್ನೋ ಹೆಸರು ಕಂಡ ಕೂಡಲೇ ಬಿಜೆಪಿ ಬೊಬ್ಬೆ ಹೊಡೀತು, ಆಯೋಗ ಕ್ರೈಸ್ತ ಅಂತ ಜೋಡಿಸಿದ್ದ 33 ಜಾತಿ ಹೆಸರನ್ನ ಆ್ಯಪಿನಲ್ಲಿ ಮರೆ ಮಾಡಿತು. ಇರೋ ಜನರನ್ನ ಪಟ್ಟಿಯಿಂದ ಮರೆ ಮಾಡಿದರೆ ಜನ ಮಾಯ ಆಗ್ತಾರಾ? ಆಗಲೂ ನಮ್ಮ ಕಡೆ ಸದ್ದು ಕಮ್ಮಿ.

'ನಮ್ಮ ಮೀಸಲಾತಿಗೆ ಪಾಲುದಾರರು ಬರ್ತಾರೆ' ಅನ್ನೋ ಹೆದರಿಕೆ ನನಗೆ ಗೊತ್ತು. ಅದು ಸಣ್ಣ ವಿಷಯ ಅಲ್ಲ. ಇವತ್ತು ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರು ಪ್ರವರ್ಗ 1ರಲ್ಲಿ, ನೂರಕ್ಕೆ 4ರ ಪಾಲಿನಲ್ಲಿ, ಹತ್ತಾರು ಜಾತಿಗಳ ಜೊತೆ ಇದ್ದಾರೆ. ಸೇರಿಸಬೇಕಾ, ಸೇರಿಸಿದರೆ ಕೋಟಾ ಹಿಗ್ಗಿಸಬೇಕಾ, ಕೂತು ಲೆಕ್ಕ ಹಾಕೋಣ. ಆದರೆ ಮೀಸಲಾತಿ ಬಿಟ್ಟು ಇನ್ನೊಂದು ಇದೆ. 2025ರಲ್ಲಿ ಆಂಧ್ರ ಹೈಕೋರ್ಟ್, ಕ್ರೈಸ್ತನಾದವನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ ಅಂತ ಒಬ್ಬ ಪಾಸ್ಟರ್ ಪ್ರಕರಣದಲ್ಲಿ ಹೇಳಿತು. ಅಂದ್ರೆ ಜಾತಿ ಹೆಸರು ಹಿಡಿದು ಬೈದು ಹೊಡೆದರೂ ಆ ಕೇಸು ನಿಲ್ಲಲ್ಲ. ಹೊಡೆಯೋನು ಮೊದಲು ದೀಕ್ಷಾಸ್ನಾನದ ರಿಜಿಸ್ಟರ್ ನೋಡಿ ಹೊಡೀತಾನಾ? ಇದರಲ್ಲಿ ಪಾಲಿನ ಪ್ರಶ್ನೆ ಎಲ್ಲಿ ಬಂತು?

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಮಂತ್ರಿಗಿರಿ ಹೋಯ್ತು. ಆದರೆ ಆ ಗಲಾಟೆಯ ಕಾಲದಲ್ಲೇ ನಮ್ಮ ಬರಹಗಾರರು ಒಟ್ಟಾದರು. ಎರಡೇ ವರ್ಷಕ್ಕೆ, ಇದೇ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ 'ಹೊಲೆ ಮಾದಿಗರ ಹಾಡು' ಬಂತು. ಬೈಗುಳವಾಗಿದ್ದ ಎರಡು ಪದ ಪುಸ್ತಕದ ಮುಖಪುಟಕ್ಕೆ ಬಂದವು. ಚರ್ಚಿನೊಳಗಿನ ಕೇರಿಗೆ ಆ ಧೈರ್ಯ ಇನ್ನೂ ಬರಬೇಕಾಗಿದೆ. ಒಬ್ಬ ಹುಡುಗಿ ಒಂಟಿಯಾಗಿ ತರೋಕಾಗಲ್ಲ. ನಾವೂ ಜೊತೆಗಿರಬೇಕು.

ಹಾಗಾಗಿ ಕೆಲಸದ ಮಾತು. ಕ್ರೈಸ್ತ ಲೇಖಕ ಬಂಧುಗಳಿಗೆ ಮೂರು ಬೇಡಿಕೆ.

ಒಂದು: ಮುಂದಿನ ಸಮಾವೇಶದ ಮೊದಲ ಗೋಷ್ಠಿ ಚರ್ಚಿನೊಳಗಿನ ಜಾತಿ ಬಗ್ಗೆ ಇರಲಿ. ತಮಟೆ ಬಡಿದವರನ್ನ ಆ ಗೋಷ್ಠಿಯಲ್ಲಿ ಮಾತಾಡಲು ಕೂರಿಸಿ.

ಎರಡು: ಹೆಸರಿಲ್ಲದೆ ಬರೆಯೋರಿಗೆ ಜಾಗ ಮಾಡಿ. ಕಾವ್ಯನಾಮದಲ್ಲಿ ಒಂದು ಸಂಕಲನ ತನ್ನಿ. ಹಾರೋಬೆಲೆಯಿಂದ ಕೊಡಗಿನವರೆಗೆ ಅಜ್ಜಿಯರ ಬಾಯಲ್ಲಿರೋದನ್ನ ರೆಕಾರ್ಡ್ ಮಾಡಿ. ಹೆಸರು ಗುಟ್ಟಾಗಿರಲಿ, ಬದುಕು ಬಯಲಾಗಲಿ.

ಮೂರು: ಸಂಘದ ಲೆಟರ್‌ಹೆಡ್‌ನಲ್ಲಿ, ಹಿರಿಯ ಲೇಖಕರೆಲ್ಲ ಸಹಿ ಹಾಕಿ, 1950ರ ಆದೇಶದ ಮೂರನೇ ಪ್ಯಾರಾ ತೆಗೆಯಿರಿ ಅಂತ ಕೇಂದ್ರಕ್ಕೆ ಬರೆಯಿರಿ. ನಿವೃತ್ತರು, ಹೆಸರು ಮಾಡಿದವರು ಹಾಕಿದ ಸಹಿಗೆ ಯಾರ ಸರ್ಟಿಫಿಕೇಟೂ ಹೋಗಲ್ಲ. ನಿಮಗೆ ಹೋಗೋದು ಒಂದಷ್ಟು ಚಪ್ಪಾಳೆ ಮಾತ್ರ.

ನಮ್ಮ ಸಂಘಟನೆಯ ಗೆಳೆಯರಿಗೆ ಒಂದೇ ಬೇಡಿಕೆ: ಆ ಸಂಕಲನ ಬಂದ ದಿನ 'ಇವರು ನಮ್ಮೋರಾ' ಅಂತ ಕೇಳಬೇಡಿ. ಕೊಂಡು ಓದಿ.

ಕಿಟ್ಟೆಲ್ ಸಾವಿರಾರು ಕನ್ನಡ ಪದಗಳಿಗೆ ಅರ್ಥ ಬರೆದ. ಅದರಲ್ಲಿ ಎರಡು ಪದ, ಹೊಲೆಯ ಮತ್ತು ಮಾದಿಗ, ಅವನ ಹೆಸರು ಹೇಳೋರ ವೇದಿಕೆಯಲ್ಲಿ ಜೋರಾಗಿ ಉಚ್ಚರಿಸೋಕೆ ಇನ್ನೂ ಎಷ್ಟು ವರ್ಷ ಬೇಕು?

ಜೈ ಭೀಮ್.