ಭಾರದ ಲೆನ್ಸ್ ಹಿಡಿದರೆ ಫೋಟೊ ಮಸುಕಾಗುತ್ತದೆಯೇ?

ಓಡುವ ಕಾರಿನ ಫೋಟೊ ಮಸುಕಾಗಿ ಬಂದರೆ ನಾವು ಮೊದಲು ಬೈಯುವುದು ಲೆನ್ಸಿನ ಭಾರವನ್ನು. ಇಷ್ಟು ತೂಕ ಹಿಡಿದರೆ ಕೈ ನಡುಗದೆ ಇರುತ್ತದೆಯೇ ಎನ್ನುತ್ತೇವೆ. ಪಕ್ಕದಲ್ಲಿ ಕೂತವರು ಷಟರ್ ವೇಗ ಏರಿಸಿ, ಸರಿಹೋಗುತ್ತದೆ ಎನ್ನುತ್ತಾರೆ. ಎರಡೂ ಅರ್ಧ ನಿಜ.

ಕಾರ್ ರೇಸಿಗೆಂದೇ ಕಟ್ಟಿದ ದೊಡ್ಡ ಸರ್ಕ್ಯೂಟ್ ಬೆಂಗಳೂರಿನಲ್ಲಿಲ್ಲ. ಜಾಲಹಳ್ಳಿಯಲ್ಲಿರುವ ನಮ್ಮಂಥವರು ಅದಕ್ಕಾಗಿ ಚೆನ್ನೈ ಹೆದ್ದಾರಿ ಹಿಡಿದು ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈಗೆ ಹೋಗಬೇಕು. ಆದರೆ ವೇಗದ ಯಂತ್ರಗಳನ್ನು ಪ್ರೇಕ್ಷಕರ ಜಾಗದಿಂದ ಸೆರೆಹಿಡಿಯುವ ಇದೇ ಪರೀಕ್ಷೆ ಎರಡು ವರ್ಷಕ್ಕೊಮ್ಮೆ ಮನೆ ಬಾಗಿಲಿಗೂ ಬರುತ್ತದೆ, ಯಲಹಂಕ ವಾಯುನೆಲೆಯ ಏರೋ ಇಂಡಿಯಾದಲ್ಲಿ. 2023ರ ಫೆಬ್ರುವರಿಯಲ್ಲಿ ನಾನೂ ಬಾಡಿಗೆಗೆ ತಂದ 150–600 ಮಿ.ಮೀ. ಲೆನ್ಸ್ ಹೊತ್ತು ಹೋಗಿದ್ದೆ. ಕ್ಯಾಮೆರಾ ಸೇರಿ ಹತ್ತಿರ ಹತ್ತಿರ 3 ಕೆ.ಜಿ. ಸಾವಿರದಷ್ಟು ಚಿತ್ರ ತೆಗೆದೆ, ಉಳಿಸಿಕೊಳ್ಳುವಂತಿದ್ದದ್ದು ಹನ್ನೊಂದು. ತಪ್ಪಿದ್ದೆಲ್ಲಿ ಎಂದು ಆಮೇಲೆ ಲೆಕ್ಕ ಹಾಕಿದೆ.

ಮೊದಲು ನಡುಕದ ವಿಷಯ. ಆರೋಗ್ಯವಂತರ ಕೈಯೂ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಸಣ್ಣದಾಗಿ ಕಂಪಿಸುತ್ತಲೇ ಇರುತ್ತದೆ. ಹಗುರ ವಸ್ತು ಈ ಕಂಪನಕ್ಕೆ ಬೇಗ ಕುಣಿಯುತ್ತದೆ, ಭಾರದ ವಸ್ತು ಅಷ್ಟು ಸುಲಭವಾಗಿ ಅಲುಗುವುದಿಲ್ಲ. ಮೊಬೈಲಿನಲ್ಲಿ ಪೂರ್ತಿ ಜೂಮ್ ಮಾಡಿದಾಗ ಪರದೆ ಎಷ್ಟು ಹಾರಾಡುತ್ತದೆಂದು ನೋಡಿದ್ದೀರಲ್ಲ? ಅಂದರೆ ಮೊದಲ ನಿಮಿಷದಲ್ಲಿ ಭಾರ ನಮ್ಮ ಮಿತ್ರನೇ. ಶತ್ರುವಾಗುವುದು ಆಮೇಲೆ. ತೋಳನ್ನು ಒಂದೇ ಭಂಗಿಯಲ್ಲಿ ಬಿಗಿಹಿಡಿದಾಗ ಸ್ನಾಯುವಿನೊಳಗಿನ ರಕ್ತನಾಳಗಳು ಒತ್ತಿಹೋಗಿ ರಕ್ತದ ಹರಿವು ತಗ್ಗುತ್ತದೆ, ಸ್ನಾಯು ದಣಿಯುತ್ತದೆ, ದಣಿದ ಸ್ನಾಯುವಿನ ನಡುಕ ಹೆಚ್ಚುತ್ತದೆ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟು ನಡೆಯುವುದಕ್ಕೂ ಚಾಚಿದ ಕೈಯಲ್ಲಿ ಹಿಡಿದು ನಿಲ್ಲುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಆದರೆ ರೇಸಿನಲ್ಲಿ ಫೋಟೊ ಕೆಡಿಸುವುದು ಹೆಚ್ಚಾಗಿ ಈ ನಡುಕವಲ್ಲ. 180 ಕಿ.ಮೀ. ವೇಗದ ಕಾರು ಸೆಕೆಂಡಿಗೆ 50 ಮೀಟರ್ ಓಡುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್ ಹಾಕಿ 100 ಮೀಟರ್ ದೂರದಿಂದ ನೋಡಿದರೆ ಕಾಣುವುದು ಬರೀ 9 ಮೀಟರ್ ಅಗಲದ ಜಾಗ. ಕ್ಯಾಮೆರಾ ಅಲುಗದೆ ನಿಂತಿದ್ದರೆ ಕಾರಿನ ಮೂತಿ ಈ ಕಡೆಯಿಂದ ಆ ಕಡೆಗೆ 0.18 ಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಷಟರ್ 1/1000 ಸೆಕೆಂಡ್ ಮಾತ್ರ ತೆರೆದರೂ ಅಷ್ಟರಲ್ಲಿ ಕಾರು 5 ಸೆಂ.ಮೀ. ಮುಂದೆ ಹೋಗಿರುತ್ತದೆ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅದು 30ಕ್ಕೂ ಹೆಚ್ಚು ಪಿಕ್ಸೆಲ್‌ಗಳ ಉದ್ದದ ಮಸುಕು. ಟ್ರೈಪಾಡ್ ಮೇಲೆ ಕಟ್ಟಿ ನಿಲ್ಲಿಸಿದರೂ ಈ ಮಸುಕು ಹೋಗುವುದಿಲ್ಲ. ಲೆನ್ಸಿನೊಳಗಿನ ಸ್ಟೆಬಿಲೈಸರ್ ಕೂಡ ಸರಿಪಡಿಸುವುದು ನಮ್ಮ ಕೈಯ ಅಲುಗಾಟವನ್ನು, ಕಾರಿನ ಓಟವನ್ನಲ್ಲ. ಕಾರಿನ ಜತೆಗೇ, ಅದೇ ವೇಗದಲ್ಲಿ ಲೆನ್ಸ್ ತಿರುಗಿದರೆ ಮಾತ್ರ ಚಿತ್ರ ಚೊಕ್ಕವಾಗುತ್ತದೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಅನೇಕ ಲೆನ್ಸ್‌ಗಳಲ್ಲಿ ಇದಕ್ಕಾಗಿಯೇ ಇರುವ ಎರಡನೇ ಮೋಡ್ ಅಡ್ಡ ಚಲನೆಯನ್ನು ಬಿಟ್ಟು ಮೇಲೆ-ಕೆಳಗಿನ ಅಲುಗಾಟವನ್ನಷ್ಟೇ ತಡೆಯುತ್ತದೆ.

ಹಾಗಾದರೆ 1/4000ಕ್ಕೆ ಏರಿಸಿಬಿಡೋಣವೇ? ಏರಿಸಬಹುದು, ಆದರೆ ಕಾರು ಪಾರ್ಕಿಂಗಿನಲ್ಲಿ ನಿಂತಂತೆ ಕಾಣುತ್ತದೆ. 2 ಮೀಟರ್ ಸುತ್ತಳತೆಯ ಚಕ್ರ ಈ ವೇಗದಲ್ಲಿ ಸೆಕೆಂಡಿಗೆ 25 ಸುತ್ತು ಹಾಕುತ್ತದೆ. 1/1000ರಲ್ಲಿ ಅದು ತಿರುಗುವುದು 9 ಡಿಗ್ರಿ, 1/125ರಲ್ಲಿ 72 ಡಿಗ್ರಿ. ಓಟ ಕಣ್ಣಿಗೆ ಕಾಣುವುದು ಎರಡನೆಯದರಲ್ಲಿ. ಯಲಹಂಕದಲ್ಲಿ ನಾನು ಮಾಡಿದ ತಪ್ಪೂ ಇದೇ. ಸೂರ್ಯಕಿರಣ ತಂಡದ ಹಾಕ್ ವಿಮಾನಗಳು ಜೆಟ್‌ಗಳು, ಹೊರಗೆ ತಿರುಗುವ ಭಾಗವಿಲ್ಲ, 1/2000 ಚೆನ್ನಾಗಿಯೇ ಒಪ್ಪಿತು. ಅದೇ ಸೆಟ್ಟಿಂಗಿನಲ್ಲಿ ಸಾರಂಗ್ ತಂಡದ ಧ್ರುವ ಹೆಲಿಕಾಪ್ಟರುಗಳನ್ನು ತೆಗೆದೆ. ರೆಕ್ಕೆಗಳು ಗಾಳಿಯಲ್ಲೇ ಹೆಪ್ಪುಗಟ್ಟಿ, ದಾರ ಕಟ್ಟಿ ನೇತುಹಾಕಿದ ಆಟಿಕೆಗಳಂತೆ ಬಂದವು!

ಇನ್ನೊಂದು ಮಸುಕಿಗೆ ಕೈಯೂ ಕಾರಣವಲ್ಲ, ಲೆನ್ಸೂ ಅಲ್ಲ. ಮಧ್ಯಾಹ್ನ ಕಾದ ಡಾಂಬರಿನ ಮೇಲೆ ಬಿಸಿ ಗಾಳಿ ತಣ್ಣನೆಯ ಗಾಳಿಯೊಡನೆ ಕಲೆಯುತ್ತಾ ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ದೂರ ಹೆಚ್ಚಿದಷ್ಟೂ ಈ ಅಲೆ ಹೆಚ್ಚು, ಲೆನ್ಸ್ ಉದ್ದವಾದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ. ಎಷ್ಟು ಲಕ್ಷದ ಲೆನ್ಸಿಗೂ ಇದಕ್ಕೆ ಮದ್ದಿಲ್ಲ. ಬೆಳಗ್ಗೆ ಬೇಗ ತೆಗೆಯಬೇಕು, ಇಲ್ಲವೇ ಹತ್ತಿರದ ತಿರುವಿನ ಬಳಿ ಕೂರಬೇಕು. ಸಾಲ ಮಾಡಿ ಇನ್ನೂ ಉದ್ದದ ಲೆನ್ಸ್ ಕೊಳ್ಳಲು ಹೊರಟವರು ಇದನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ಹಿಡಿಯುವ ಬಗೆ ಹೀಗೆ: ಎಡ ಅಂಗೈ ಲೆನ್ಸಿನ ಕೆಳಗೆ, ಮೊಣಕೈಗಳು ಪಕ್ಕೆಲುಬಿಗೆ ಒತ್ತಿ, ತಿರುಗುವುದು ಸೊಂಟದಿಂದ. ಒಂದು ಕಾರು ದಾಟಿ ಇನ್ನೊಂದು ಬರುವವರೆಗೆ ಲೆನ್ಸನ್ನು ತೊಡೆಯ ಮೇಲೆ ಇಳಿಸಿ. ಪಟ್ಟಿಯನ್ನು ಕ್ಯಾಮೆರಾಗಲ್ಲ, ಲೆನ್ಸಿನ ಕಾಲರಿಗೆ ಕಟ್ಟಿ ಭುಜದಿಂದ ಅಡ್ಡವಾಗಿ ಹಾಕಿಕೊಂಡರೆ ಕುತ್ತಿಗೆ ಉಳಿಯುತ್ತದೆ. ಮರುದಿನ ಭುಜ ನೋಯುವುದು ಸಹಜ. ಬೆರಳು ಜೋಮು ಹಿಡಿದು ಬಿಡದಿದ್ದರೆ, ಕೈ ಎತ್ತಲು ಆಗದಿದ್ದರೆ ವೈದ್ಯರಿಗೆ ತೋರಿಸಿ.

ಅಭ್ಯಾಸಕ್ಕೆ ರೇಸೇ ಬೇಕಿಲ್ಲ. 20 ಮೀಟರ್ ದೂರದಲ್ಲಿ 36 ಕಿ.ಮೀ. ವೇಗದಲ್ಲಿ ಹೋಗುವ ಬಿಎಂಟಿಸಿ ಬಸ್ಸಿಗೂ, 100 ಮೀಟರ್ ದೂರದ ಆ ರೇಸ್ ಕಾರಿಗೂ ನಾವು ತಿರುಗಬೇಕಾದ ವೇಗ ಒಂದೇ. ಈಗ ಭಾನುವಾರ ಬೆಳಗ್ಗೆ ತುಮಕೂರು ರಸ್ತೆಯ ಪಾದಚಾರಿ ಹಾದಿಯಲ್ಲಿ ಸಣ್ಣ ಲೆನ್ಸ್ ಹಿಡಿದು, 1/125ರಲ್ಲಿ ಬಸ್ಸುಗಳನ್ನು ತೆಗೆಯುತ್ತೇನೆ. ಜಾಲಹಳ್ಳಿಯಲ್ಲಿ ವಾಯುಪಡೆಯ ಗೋಡೆಗಳ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.